ದೂತಾವಧ್ಯತ್ವವೂ ವೈರದೇಯವೂ

ಪರರಾಜ್ಯದಿಂದ ಬಂದ ಅಧಿಕಾರಿಯೊಬ್ಬನು ತಾನಿರುವ ನಾಡಿನಲ್ಲಿ ನರಹತ್ಯೆಯನ್ನೆಸಗಿ ಸೆರೆಸಿಕ್ಕಿದರೆ ಅವನನ್ನು ಬಿಡಿಸಿಕೊಳ್ಳುವುದಕ್ಕೆ ಎರಡು ಮಾರ್ಗಗಳುಂಟು. ಅವನು ದೂತನಾದುದರಿಂದ ಅವನನ್ನು ವಿಚಾರಿಸಲು ಆ ನಾಡಿನ ನ್ಯಾಯಾಧಿಪತಿಗೆ ಅಧಿಕಾರವೇ ಇಲ್ಲವೆಂದು ಸಾಧಿಸುವುದು ಒಂದು. ಹತರಾದವರ ವಾರಸುದಾರರಿಗೆ ಧನವನ್ನು ಕೊಟ್ಟು ಅವರಿಂದ ಕ್ಷಮೆಯನ್ನು ಪಡೆಯುವುದು ಇನ್ನೊಂದು. ಮೊದಲನೆಯದನ್ನು ನಮ್ಮ ಗ್ರಂಥಗಳ ಮಾತಿನಲ್ಲಿ ದೂತಾವಧ್ಯತ್ವವೆಂದೂ, ಎರಡನೆಯದನ್ನು ವೈರದೇಯವೆಂದೂ ಕರೆಯಬಹುದು. ಫಲದಲ್ಲಿ ಎರಡೂ ಒಂದೇ. ಸೆರೆಯ ಬಾಗಿಲು ತೆರೆಯುತ್ತದೆ. ಆದರೆ ಯುಕ್ತಿಯಲ್ಲಿ ಇವು ಪರಸ್ಪರ ವಿರುದ್ಧವಾದವು. ದೂತನೆನ್ನುವವನು ‘ನನ್ನನ್ನು ಕೇಳುವ ಅಧಿಕಾರ ನಿಮಗಿಲ್ಲ’ ಎನ್ನುತ್ತಾನೆ. ಧನವನ್ನು ಕೊಡುವವನು ‘ನೀವು ಕೇಳಿದುದು ಯುಕ್ತವೇ, ಇದೋ ನನ್ನ ಉತ್ತರ’ ಎನ್ನುತ್ತಾನೆ. ಒಂದೇ ಬಾಯಿಂದ ಈ ಎರಡು ಮಾತುಗಳೂ ಹೊರಟರೆ ಅಲ್ಲಿ ಯಾವುದೋ ಒಂದು ಪ್ರಶ್ನೆ ಉತ್ತರವಿಲ್ಲದೆ ಉಳಿಯಿತೆಂದೇ ತಿಳಿಯಬೇಕು. ೨೦೧೧ನೆಯ ಇಸವಿಯಲ್ಲಿ ಲಾಹೋರಿನಲ್ಲಿ ನಡೆದ ವ್ಯವಹಾರವು ಇದಕ್ಕೆ ತಕ್ಕ ನಿದರ್ಶನವಾಗಿರುವುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ವಿಚಾರಿಸುತ್ತೇನೆ.

ಆ ವರ್ಷದ ಜನವರಿ ೨೭ರಂದು ಲಾಹೋರು ನಗರದ ಮೊಜಂಗ್ ಚೌಕದ ಬಳಿಯಲ್ಲಿ ರೇಮಂಡ್ ಡೇವಿಸ್ ಎಂಬ ಅಮೆರಿಕದವನು ತನ್ನ ಕಾರಿನೊಳಗಿಂದ ಪಿಸ್ತೂಲು ಹಾರಿಸಿ, ಮೋಟಾರುಸೈಕಲ್ಲಿನ ಮೇಲೆ ಬಂದ ಇಬ್ಬರನ್ನು ಕೊಂದನು. ಅವರು ತನ್ನನ್ನು ಸುಲಿಯಲು ಬಂದರೆಂದೂ ತಾನು ಆತ್ಮರಕ್ಷಣೆಗಾಗಿ ಹೊಡೆದೆನೆಂದೂ ಅವನ ವಾದ. ಅವನ ನೆರವಿಗೆಂದು ಅಮೆರಿಕದ ಕಾನ್ಸಲರ ಕಚೇರಿಯಿಂದ ಹೊರಟ ಇನ್ನೊಂದು ವಾಹನವು ಎದುರುದಿಕ್ಕಿನಲ್ಲಿ ನುಗ್ಗಿ, ಈ ಯಾವುದರಲ್ಲಿಯೂ ಸೇರದ ಮೂರನೆಯವನೊಬ್ಬನನ್ನು ಹಾಯ್ದು ಕೊಂದಿತು. ಆ ವಾಹನದಲ್ಲಿದ್ದವರು ನ್ಯಾಯಾಲಯದ ಮುಂದೆ ಬರಲೇ ಇಲ್ಲ. ಅವರು ದೇಶವನ್ನು ಬಿಟ್ಟುಹೋದರು. ಡೇವಿಸನು ಮಾತ್ರ ಸ್ಥಳದಲ್ಲಿಯೇ ಪೋಲೀಸರ ಕೈಗೆ ಸಿಕ್ಕಿ ಕೋಟ್ ಲಖ್‌ಪತ್ ಸೆರೆಮನೆಯನ್ನು ಸೇರಿದನು.

ಕೂಡಲೇ ಹುಟ್ಟಿದ ಪ್ರಶ್ನೆ ‘ಇವನು ಯಾರು?’ ಎಂಬುದು. ಇದು ಕುತೂಹಲದ ಪ್ರಶ್ನೆಯಲ್ಲ. ವ್ಯವಹಾರದ ನಿರ್ಣಯವೆಲ್ಲ ಇದರ ಮೇಲೆಯೇ ನಿಂತಿತ್ತು. ೧೯೬೧ರ ವಿಯನ್ನಾ ಒಡಂಬಡಿಕೆಯ ಪ್ರಕಾರ ರಾಯಭಾರಿಯ ಶರೀರವು ಅನತಿಕ್ರಮ್ಯವಾದುದು; ಅವನನ್ನು ಹಿಡಿಯಕೂಡದು, ಸೆರೆಯಲ್ಲಿಡಕೂಡದು, ಅವನ ಮೇಲೆ ಅಪರಾಧದ ವಿಚಾರಣೆಯನ್ನು ನಡೆಸಕೂಡದು. ಅದರ ೩೭ನೆಯ ವಿಧಿಯು ರಾಯಭಾರ ಕಚೇರಿಯ ಆಡಳಿತ ಮತ್ತು ತಾಂತ್ರಿಕ ಸಿಬ್ಬಂದಿಗೂ ಅಪರಾಧದ ಮಟ್ಟಿಗೆ ಇದೇ ರಕ್ಷಣೆಯನ್ನು ಕೊಡುತ್ತದೆ. ಆದರೆ ಕಾನ್ಸಲರ ಕಚೇರಿಯವರ ವಿಷಯವು ಬೇರೆ. ಅವರಿಗೆ ಅನ್ವಯಿಸುವ ೧೯೬೩ರ ಒಡಂಬಡಿಕೆಯಲ್ಲಿ ರಕ್ಷಣೆಯು ಕಚೇರಿಯ ಕರ್ತವ್ಯಕ್ಕೆ ಸೇರಿದ ಕಾರ್ಯಗಳಿಗೆ ಮಾತ್ರ ಉಂಟು. ಘೋರಾಪರಾಧವಾದಲ್ಲಿ ನ್ಯಾಯಾಧಿಕಾರಿಯ ಅಪ್ಪಣೆಯಿಂದ ಕಾನ್ಸಲ್ ಅಧಿಕಾರಿಯನ್ನೂ ಬಂಧಿಸಬಹುದು. ಹೀಗಿರಲಾಗಿ ಒಬ್ಬನ ಹೆಸರು ಇಸ್ಲಾಮಾಬಾದಿನ ಪಟ್ಟಿಯಲ್ಲಿದ್ದರೆ ಅವನು ಮುಕ್ತನು, ಲಾಹೋರಿನ ಪಟ್ಟಿಯಲ್ಲಿದ್ದರೆ ಬದ್ಧನು. ಡೇವಿಸನನ್ನು ಮೊದಲು ಲಾಹೋರಿನ ಕಾನ್ಸಲರ ಕಚೇರಿಯ ನೌಕರನೆಂದು ಹೇಳಿದ ಅಮೆರಿಕದವರು ಆಮೇಲೆ ಅವನು ಇಸ್ಲಾಮಾಬಾದಿನ ರಾಯಭಾರ ಕಚೇರಿಯ ತಾಂತ್ರಿಕ ಸಿಬ್ಬಂದಿಯವನೆಂದೂ, ೨೦೧೦ರ ಜನವರಿಯಲ್ಲಿಯೇ ಪಾಕಿಸ್ತಾನಕ್ಕೆ ಹಾಗೆಂದು ತಿಳಿಸಿದ್ದೆವೆಂದೂ ಹೇಳಿದರು. ಅವನ ಕೈಯಲ್ಲಿ ರಾಯಭಾರಿಗಳಿಗೆ ಕೊಡುವ ಪಾಸ್‌ಪೋರ್ಟು ಇದ್ದುದು ನಿಜ. ಆದರೆ ಪಾಸ್‌ಪೋರ್ಟು ಯಾರನ್ನೂ ದೂತನನ್ನಾಗಿ ಮಾಡುವುದಿಲ್ಲ. ಕಳುಹಿಸಿದ ರಾಜ್ಯದ ನಿಯೋಗವೂ ಬರಮಾಡಿಕೊಂಡ ರಾಜ್ಯಕ್ಕೆ ಕೊಟ್ಟ ಸೂಚನೆಯೂ ಮಾಡುತ್ತವೆ.

ಪಾಕಿಸ್ತಾನದ ೧೯೭೨ರ ಕಾಯಿದೆಯ ಪ್ರಕಾರ ಇಂಥ ಸಂದೇಹ ಹುಟ್ಟಿದಾಗ ಕೇಂದ್ರ ಸರ್ಕಾರವು ಕೊಡುವ ಪ್ರಮಾಣಪತ್ರವೇ ಅದರಲ್ಲಿ ಹೇಳಿದ ಸಂಗತಿಗೆ ಅಂತಿಮ ಸಾಕ್ಷ್ಯ. ಒಂದು ಹಾಳೆಯ ಮೇಲೆ ಒಂದು ವಾಕ್ಯವನ್ನು ಬರೆದಿದ್ದರೆ ವಿವಾದವು ಈ ಕಡೆಗಾಗಲಿ ಆ ಕಡೆಗಾಗಲಿ ತೀರುತ್ತಿತ್ತು. ವಿವಾದವನ್ನು ತೀರಿಸುವಂಥ ಆ ವಾಕ್ಯವನ್ನು ಸರ್ಕಾರವು ನ್ಯಾಯಾಲಯಕ್ಕೆ ಬರೆದುಕೊಡಲಿಲ್ಲ. ಅವನಿಗೆ ಪೂರ್ಣ ರಕ್ಷಣೆಯಿಲ್ಲವೆಂಬ ಅಭಿಪ್ರಾಯದಲ್ಲಿದ್ದ ವಿದೇಶಾಂಗ ಮಂತ್ರಿ ಶಾಹ್ ಮಹಮೂದ್ ಕುರೇಶಿಯವರು ಫೆಬ್ರವರಿಯ ಮಂತ್ರಿಮಂಡಲದ ಪುನಾರಚನೆಯಲ್ಲಿ ಆ ಪದವಿಯನ್ನು ಕಳೆದುಕೊಂಡರು. ಫೆಬ್ರವರಿ ೧೫ರಂದು ಅಧ್ಯಕ್ಷ ಒಬಾಮಾ ಅವರು ಡೇವಿಸನನ್ನು ತಮ್ಮ ರಾಯಭಾರಿಯೆಂದು ಕರೆದರು. ಅದಾದ ಒಂದು ವಾರದೊಳಗಾಗಿ ಅವನು ಅಮೆರಿಕದ ಗೂಢಚಾರ ಸಂಸ್ಥೆಗೆ ಗುತ್ತಿಗೆಯ ಮೇಲೆ ಕೆಲಸಮಾಡುತ್ತಿದ್ದವನೆಂದು ಪತ್ರಿಕೆಗಳಲ್ಲಿ ಪ್ರಕಟವಾಯಿತು.

ಗೂಢಚಾರನಾದ ಮಾತ್ರಕ್ಕೆ ದೂತತ್ವವು ಹೋಗುವುದೇ? ಹೋಗುವುದಿಲ್ಲವೆಂದೇ ಹೇಳಬೇಕು. ಕೌಟಲ್ಯನು ದೂತಪ್ರಣಿಧಿ ಪ್ರಕರಣದಲ್ಲಿ ದೂತನ ಕೆಲಸಗಳನ್ನು ಎಣಿಸುವಾಗ ಸಂದೇಶವನ್ನು ಒಯ್ಯುವುದು, ಸಂಧಿಯನ್ನು ಪಾಲಿಸುವುದು ಮುಂತಾದವುಗಳ ಜೊತೆಯಲ್ಲಿಯೇ ಮಿತ್ರಭೇದವನ್ನೂ, ಚಾರರನ್ನು ತಿಳಿಯುವುದನ್ನೂ, ಗೂಢವಾಗಿ ಸೈನ್ಯವನ್ನು ಸಾಗಿಸುವುದನ್ನೂ ಯಾವ ಸಂಕೋಚವೂ ಇಲ್ಲದೆ ಹೇಳಿದ್ದಾನೆ. ಅದೇ ಪಟ್ಟಿಯಲ್ಲಿ ಸಮಾಧಿಮೋಕ್ಷವೆಂಬ ಒಂದು ಕಾರ್ಯವಿದೆ. ಒತ್ತೆಯಾಗಿ ಸಿಕ್ಕಿರುವವನನ್ನು ಬಿಡಿಸಿ ತರುವುದೆಂದು ಅರ್ಥ. ದೂತರಲ್ಲಿ ನಿಸೃಷ್ಟಾರ್ಥ, ಪರಿಮಿತಾರ್ಥ, ಶಾಸನಹರರೆಂದು ಮೂರು ತರಗತಿಗಳನ್ನು ಅವನು ಮಾಡುತ್ತಾನೆ. ಅವರ ಯೋಗ್ಯತೆಯಲ್ಲಿಯೂ ತಾರತಮ್ಯವನ್ನು ಹೇಳುತ್ತಾನೆ. ಆದರೆ ಅವಧ್ಯತ್ವದಲ್ಲಿ ತಾರತಮ್ಯವನ್ನು ಹೇಳುವುದಿಲ್ಲ. ಅಂತ್ಯಾವಸಾಯಿಯಾದ ದೂತನೂ ಅವಧ್ಯನೇ. ವಿಯನ್ನಾದವರು ರಕ್ಷಣೆಯನ್ನೇ ಅಂತಸ್ತುಗಳಾಗಿ ಹಂಚಿದರು. ಲಾಹೋರಿನ ಗೊಂದಲಕ್ಕೆ ಬೀಜವು ಅಲ್ಲಿದೆ.

ಆದರೆ ದೂತನೇ ಕೊಲೆಗಾರನಾದರೆ? ಈ ಪ್ರಶ್ನೆಯನ್ನು ನೇರವಾಗಿ ಎತ್ತಿ ಚರ್ಚಿಸಿರುವ ಸ್ಥಳವು ವಾಲ್ಮೀಕಿರಾಮಾಯಣದ ಸುಂದರಕಾಂಡ. ಪಾಠಹೇಳುವಾಗ ನಾವು ಅಲ್ಲಿ ಭಕ್ತಿಯನ್ನೂ ವೀರವನ್ನೂ ತೋರಿಸಿ ಮುಂದೆ ಸಾಗಿಬಿಡುತ್ತೇವೆ. ಅಲ್ಲಿರುವ ವ್ಯವಹಾರಶಾಸ್ತ್ರವನ್ನು ಗಮನಿಸುವುದು ಕಡಿಮೆ. ರಾವಣನ ಸಭೆಗೆ ಹನುಮಂತನನ್ನು ಕಟ್ಟಿ ತಂದಾಗ ಅವನು ಬರಿಯ ಸಂದೇಶಹರನಾಗಿರಲಿಲ್ಲ. ವನವನ್ನು ಮುರಿದಿದ್ದನು, ಮಂತ್ರಿಪುತ್ರರನ್ನೂ ಸೇನಾಪತಿಗಳನ್ನೂ, ಕಡೆಗೆ ರಾವಣನ ಮಗನಾದ ಅಕ್ಷನನ್ನೂ ಕೊಂದಿದ್ದನು. ತಾನು ರಾಮನ ದೂತನೆಂದು ರಾವಣನ ಎದುರಿಗೆ ಅವನು ನಿವೇದಿಸಿಕೊಂಡುದು ಇಷ್ಟೆಲ್ಲವೂ ಆದಮೇಲೆ, ಕಟ್ಟಿನಲ್ಲಿ ನಿಂತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವನ ಹೆಸರು ಪಟ್ಟಿಗೆ ಸೇರಿದುದು ಘಟನೆಯಾದ ಮೇಲೆ! ರಾವಣನಾದರೋ ಅಲ್ಲಿ ರಾಜನೂ ನ್ಯಾಯಾಧಿಪತಿಯೂ ಹತನಾದವನ ತಂದೆಯೂ ಆಗಿದ್ದಾನೆ. ಅವನು ವಧಾಜ್ಞೆಯನ್ನು ಕೊಟ್ಟಾಗ ವಿಭೀಷಣನು ತಡೆಯುತ್ತಾನೆ. ಪಾಪಿಯನ್ನು ಕೊಂದರೆ ಪಾಪವಿಲ್ಲವೆಂದು ರಾವಣನ ಪ್ರತ್ಯುತ್ತರ. ಇದು ಅಲ್ಪವಾದ ಪೂರ್ವಪಕ್ಷವಲ್ಲ. ಲಾಹೋರಿನ ಬೀದಿಗಳಲ್ಲಿ ಕೂಗಿದ ಜನರ ವಾದವೂ ಇದೇ ಆಗಿತ್ತು.

ವಿಭೀಷಣನ ಸಮಾಧಾನದಲ್ಲಿ ಎರಡು ಅಂಶಗಳಿವೆ. ದೂತನು ಪರಾಧೀನನು, ಒಳ್ಳೆಯವನಾಗಲಿ ಕೆಟ್ಟವನಾಗಲಿ ಇತರರ ಪ್ರೇರಣೆಯಿಂದ ಬಂದವನು, ಆದುದರಿಂದ ದಂಡವು ಅವನನ್ನು ಕಳುಹಿಸಿದವರನ್ನು ಹುಡುಕಿಕೊಂಡು ಹೋಗಬೇಕು ಎಂಬುದು ಒಂದು. ಎರಡನೆಯದು, ವಧವೊಂದನ್ನು ಬಿಟ್ಟು ದೂತನಿಗೆ ಬೇರೆ ದಂಡನೆಗಳುಂಟೆಂಬುದು. ಅಂಗವೈರೂಪ್ಯ, ಕಶಾಘಾತ, ಮುಂಡನ, ಗುರುತು ಹಾಕುವುದು ಇವನ್ನು ಅವನೇ ಎಣಿಸಿ ಕೊಡುತ್ತಾನೆ. ಬಾಲಕ್ಕೆ ಬೆಂಕಿಯಿಡಿಸಿದುದು ಈ ಅನುಮತಿಯ ಬಲದಿಂದಲೇ. ಅದರ ಫಲವು ಲಂಕೆಗೇ ತಗಲಿದುದು ಬೇರೆ ಮಾತು. ಆದಕಾರಣ ನಮ್ಮವರ ಅವಧ್ಯತ್ವವೂ ವಿಯನ್ನಾದ ಅನತಿಕ್ರಮ್ಯತೆಯೂ ಒಂದೇ ಎಂದು ಹೆಮ್ಮೆಯಿಂದ ಬರೆಯುವುದು ಸರಿಯಲ್ಲ. ಅವಧ್ಯತ್ವವು ಪ್ರಾಣಕ್ಕೆ ಮಾತ್ರ ಕೊಟ್ಟ ಅಭಯ. ಇಂದಿನದು ಶರೀರಕ್ಕೂ ಸ್ವಾತಂತ್ರ್ಯಕ್ಕೂ ಕೊಟ್ಟದ್ದು. ಇವೆರಡಕ್ಕೂ ಸಾಮಾನ್ಯವಾಗಿರುವುದು ಮೊದಲನೆಯ ಯುಕ್ತಿಯೊಂದೇ, ಎಂದರೆ ಹೊಣೆಯು ಕಳುಹಿಸಿದವನದು ಎಂಬುದು. ದೂತನನ್ನು ಬಿಟ್ಟೆವೆಂದರೆ ಹೊಣೆಯನ್ನು ಬಿಟ್ಟೆವೆಂದು ಅರ್ಥವಲ್ಲ.

ಇನ್ನು ಎರಡನೆಯ ಮಾರ್ಗ. ಪಾಕಿಸ್ತಾನದ ದಂಡಸಂಹಿತೆಗೆ ೧೯೯೦ರಲ್ಲಿ ಕಿಸಾಸ್ ಮತ್ತು ದಿಯತ್ ಎಂಬ ಇಸ್ಲಾಮೀ ವಿಧಿಗಳು ಸೇರಿದವು. ಕಿಸಾಸ್ ಎಂದರೆ ಸಮಪ್ರತೀಕಾರ, ಪ್ರಾಣಕ್ಕೆ ಪ್ರಾಣ. ಅದನ್ನು ಕೇಳುವ ಹಕ್ಕು ಹತನ ವಾರಸುದಾರರದು. ಅವರು ಏನನ್ನೂ ತೆಗೆದುಕೊಳ್ಳದೆ ಕ್ಷಮಿಸಬಹುದು, ಅಥವಾ ಧನವನ್ನು ಸ್ವೀಕರಿಸಿ ರಾಜಿಯಾಗಬಹುದು. ಮೊದಲನೆಯದಕ್ಕೆ ೩೦೯ನೆಯ, ಎರಡನೆಯದಕ್ಕೆ ೩೧೦ನೆಯ ಪ್ರಕರಣ. ದಿಯತ್ತಿನ ಕನಿಷ್ಠ ಪ್ರಮಾಣವು ೩೦,೬೩೦ ಗ್ರಾಂ ಬೆಳ್ಳಿಯ ಬೆಲೆಯೆಂದು ೩೨೩ನೆಯ ಪ್ರಕರಣವು ಗೊತ್ತುಮಾಡಿದೆ. ರಾಜಿಯಾಗಿ ಕೊಡುವ ಹಣಕ್ಕೆ ಆ ಶಾಸ್ತ್ರದಲ್ಲಿ ಬದಲ್-ಎ-ಸುಲ್ಹ್ ಎಂಬ ಬೇರೆ ಹೆಸರೇ ಇದೆ. ಲಾಹೋರಿನ ಹಣವನ್ನು ಎಲ್ಲರೂ ದಿಯತ್ ಎಂದರೂ ಈ ಹೆಸರೇ ಅದಕ್ಕೆ ಹೆಚ್ಚು ಒಪ್ಪುತ್ತದೆ. ವಾರಸುದಾರರು ರಾಜಿಯಾದರೂ ಲೋಕಕಂಟಕವಾದ ಕೃತ್ಯವೆಂದು ತೋರಿದಲ್ಲಿ ದಂಡಿಸುವ ಅಧಿಕಾರವನ್ನು ೩೧೧ನೆಯ ಪ್ರಕರಣವು ನ್ಯಾಯಾಲಯಕ್ಕೆ ಉಳಿಸಿದೆಯೆಂಬುದನ್ನೂ ಮರೆಯಬಾರದು.

ಇದನ್ನು ಕೇಳಿ ಹುಬ್ಬುಗಂಟಿಕ್ಕುವವರು ನಮ್ಮ ಧರ್ಮಸೂತ್ರಗಳನ್ನು ತೆರೆದು ನೋಡಬೇಕು. ಕ್ಷತ್ರಿಯನನ್ನು ಕೊಂದವನು ಸಾವಿರ ಗೋವುಗಳನ್ನೂ, ವೈಶ್ಯನನ್ನು ಕೊಂದವನು ನೂರನ್ನೂ, ಶೂದ್ರನನ್ನು ಕೊಂದವನು ಹತ್ತನ್ನೂ, ಮೇಲೆ ಒಂದು ಎತ್ತನ್ನೂ ವೈರವನ್ನು ತೀರಿಸುವುದಕ್ಕಾಗಿ ಕೊಡಬೇಕೆಂದು ಆಪಸ್ತಂಬನು ವಿಧಿಸುತ್ತಾನೆ. ಬೌಧಾಯನನೂ ಹಾಗೆಯೇ ಹೇಳಿ, ಅವುಗಳನ್ನು ರಾಜನಿಗೆ ಕೊಡಬೇಕೆನ್ನುತ್ತಾನೆ. ಮನುವಿನ ಕಾಲಕ್ಕೆ ಇದು ಪ್ರಾಯಶ್ಚಿತ್ತವಾಗಿ, ದಾನದ ರೂಪವನ್ನು ತಾಳಿತು. ವೈರದೇಯವೆಂಬ ಶಬ್ದವು ಋಗ್ವೇದದ ಐದನೆಯ ಮಂಡಲದಲ್ಲಿ ಬರುವುದರಿಂದ, ಮೊದಲಿಗೆ ಈ ಗೋಧನವು ಹತನ ಬಂಧುಗಳಿಗೆ ಸಲ್ಲುತ್ತಿದ್ದು, ಬರಬರುತ್ತ ರಾಜನ ಕಡೆಗೂ ಬ್ರಾಹ್ಮಣನ ಕಡೆಗೂ ತಿರುಗಿತೆಂದು ಹಲವು ವಿದ್ವಾಂಸರು ಊಹಿಸಿದ್ದಾರೆ. ಊಹೆ ಯುಕ್ತವಾಗಿಯೇ ತೋರುತ್ತದೆ. ವರ್ಣಕ್ಕೆ ತಕ್ಕಂತೆ ಪ್ರಾಣದ ಬೆಲೆಯನ್ನು ಇಳಿಸಿದುದನ್ನು ಸಮರ್ಥಿಸುವುದಕ್ಕೆ ನಾನು ಹೋಗುವುದಿಲ್ಲ. ಆದರೆ ಆಪಸ್ತಂಬನ ವ್ಯಾಖ್ಯಾನಕಾರನಾದ ಹರದತ್ತನು ಇಲ್ಲಿ ಮಾಡಿದ ವಿವರಣೆಯೊಂದು ಮನಸ್ಸಿನಲ್ಲಿ ನಿಲ್ಲತಕ್ಕದ್ದು. ಯಾರ ವೈರವನ್ನು ತೀರಿಸುವುದು? ಸಾಯುತ್ತಿರುವವನ ವೈರವನ್ನು. ಕೊಲ್ಲಲ್ಪಟ್ಟವನು ಪ್ರಾಣಬಿಡುವಾಗ ಮುಂದಿನ ಜನ್ಮದಲ್ಲಾದರೂ ಇವನನ್ನು ಕೊಂದೇನೆಂದು ಭಾವಿಸುತ್ತಾನಷ್ಟೆ. ಆ ವೈರದ ನಿವೃತ್ತಿಗಾಗಿ ಈ ದಾನ. ಬಂಧುಗಳು ರುಜುಹಾಕಿದರೂ ಹತನೇ ಒಬ್ಬ ಕಕ್ಷಿಗಾರನಾಗಿ ಉಳಿಯುತ್ತಾನೆಂಬ ಭಾವವು ಇಲ್ಲಿದೆ.

ಪ್ರಸಂಗವಶದಿಂದ ಒಂದು ಪದವಿಚಾರ. ದಿಯತ್ತನ್ನು ಕನ್ನಡದಲ್ಲಿ ಏನೆನ್ನಬೇಕು? ‘ರಕ್ತದ ಹಣ’ವೆಂದರೆ ನಮ್ಮ ಕಿವಿಗೆ ನಿಂದೆಯಾಗಿ ಕೇಳುತ್ತದೆ, ಆ ಶಾಸ್ತ್ರದಲ್ಲಿಯಾದರೋ ಅದು ಧರ್ಮ್ಯವಾದುದು. ಶಾಸನಗಳಲ್ಲಿ ಬರುವ ನೆತ್ತರುಗೊಡಗೆ ಎಂಬ ಸುಂದರವಾದ ಮಾತು ಕೂಡಲೇ ನೆನಪಿಗೆ ಬರಬಹುದು. ಆದರೆ ಅದು ಸಲ್ಲದು. ನೆತ್ತರುಗೊಡಗೆಯು ಊರಿಗಾಗಿಯೋ ಒಡೆಯನಿಗಾಗಿಯೋ ಹೋರಾಡಿ ಮಡಿದವನ ಮನೆಯವರಿಗೆ ತನ್ನ ಪಕ್ಷದವರೇ ಬಿಟ್ಟ ಭೂಮಿ. ಅದು ಕೃತಜ್ಞತೆಯ ದಾನ. ಕೊಂದವನ ಪಕ್ಷದವರು ಕೊಡುವುದು ಋಣ. ದಾನವನ್ನೂ ಋಣವನ್ನೂ ಒಂದೇ ಶಬ್ದದಿಂದ ಹೇಳಿದರೆ ಅರ್ಥವು ತಲೆಕೆಳಗಾಗುತ್ತದೆ. ಆದುದರಿಂದಲೇ ನಾನು ವೈರದೇಯವೆಂಬ ಹಳೆಯ ಶಬ್ದವನ್ನು ಹಿಡಿದಿದ್ದೇನೆ, ದೇಯವೆಂದರೆ ಕೊಡಲೇಬೇಕಾದದ್ದು.

ಲಾಹೋರಿನಲ್ಲಿ ಅದನ್ನು ಕೊಟ್ಟ ರೀತಿ ಹೇಗಿತ್ತು? ಹತರಲ್ಲೊಬ್ಬನ ಹೆಂಡತಿಯು ಫೆಬ್ರವರಿ ೬ರಂದು ವಿಷವನ್ನು ಕುಡಿದು ಸತ್ತಳು. ರಕ್ತಕ್ಕೆ ರಕ್ತವೇ ಬೇಕೆಂದೂ, ಕೊಂದವನನ್ನು ವಿಚಾರಣೆಯಿಲ್ಲದೆ ಬಿಟ್ಟುಬಿಡುವರೆಂಬ ಭಯದಿಂದ ಹೀಗೆ ಮಾಡಿದೆನೆಂದೂ ಅವಳು ಆಸ್ಪತ್ರೆಯಲ್ಲಿ ಹೇಳಿದ್ದಳು. ಶಾಸ್ತ್ರರೀತಿಯಿಂದ ಅವಳೂ ಒಬ್ಬ ವಾರಸುದಾರಳೇ. ಅವಳ ಉತ್ತರವು ಸ್ಪಷ್ಟವಾಗಿಯೇ ಇತ್ತು. ಮಾರ್ಚ್ ೧೬ರಂದು ಸೆರೆಮನೆಯೊಳಗೆ ಕುಳಿತ ನ್ಯಾಯಾಲಯವು ಡೇವಿಸನ ಮೇಲೆ ಕೊಲೆಯ ಆರೋಪವನ್ನು ಹೊರಿಸಿತು. ಅದೇ ದಿನ, ಅದೇ ಸ್ಥಳದಲ್ಲಿ, ಉಳಿದ ವಾರಸುದಾರರು ಕ್ಷಮಿಸಿ ರುಜುಹಾಕಿದರು. ಅದೇ ದಿನ ಅವನು ಬಿಡುಗಡೆ ಹೊಂದಿ ವಿಮಾನವನ್ನೇರಿ ದೇಶವನ್ನು ಬಿಟ್ಟನು. ಕೊಟ್ಟ ಹಣವು ಸುಮಾರು ೨೦ ಕೋಟಿ ಪಾಕಿಸ್ತಾನಿ ರೂಪಾಯಿ, ಎಂದರೆ ೨೩-೨೪ ಲಕ್ಷ ಡಾಲರು ಎಂದು ಪತ್ರಿಕೆಗಳು ಬರೆದವು. ವಾರಸುದಾರರ ವಕೀಲರು ತಮ್ಮನ್ನು ಅಂದು ಕೆಲವು ಗಂಟೆಗಳ ಕಾಲ ತಡೆದಿಟ್ಟು ಕಕ್ಷಿಗಾರರನ್ನು ನೋಡಗೊಡಲಿಲ್ಲವೆಂದು ದೂರಿದರು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿನಿ ಹಿಲರಿ ಕ್ಲಿಂಟನ್ ಅವರು ಅಮೆರಿಕವು ಯಾವ ಪರಿಹಾರವನ್ನೂ ಕೊಡಲಿಲ್ಲವೆಂದು ಹೇಳಿದರು.

ಈ ಕಡೆಯ ಮಾತೇ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ವಿಚಾರಾರ್ಹವಾಗಿ ಕಾಣುತ್ತದೆ. ದೂತನೆಂದು ಕರೆದವರು ಕಳುಹಿಸಿದವರ ಹೊಣೆಯನ್ನು ಒಪ್ಪಬೇಕಾಗಿತ್ತು; ವೈರದೇಯವನ್ನು ಹಿಡಿದವರು ಕೊಡುವವರು ಯಾರೆಂದು ಹೇಳಬೇಕಾಗಿತ್ತು. ಅವಧ್ಯತ್ವದಿಂದ ಬಿಡುಗಡೆಯನ್ನೂ ತೆಗೆದುಕೊಳ್ಳಲಿಲ್ಲ, ದೇಯದ ದಾತೃತ್ವವನ್ನೂ ತೆಗೆದುಕೊಳ್ಳಲಿಲ್ಲ. ದೂತನು ಹೌದೋ ಅಲ್ಲವೋ ಎಂಬ ಪ್ರಶ್ನೆಯು ಕಡೆಯವರೆಗೆ ನಿರ್ಣಯವಾಗದೆಯೇ ಉಳಿಯಿತು. ದಾತನಿಲ್ಲದ ದೇಯದಿಂದ ಯಾರ ವೈರವು ಯಾರೊಡನೆ ತೀರಿತೆಂದು ಹರದತ್ತನನ್ನು ಕೇಳಿದ್ದರೆ ಅವನು ಏನು ಹೇಳುತ್ತಿದ್ದನೋ! ಗಂಟನ್ನು ಬಿಚ್ಚಲಿಲ್ಲ, ಕತ್ತರಿಸಿದರು. ಹಾಗೆಂದು ರುಜುಹಾಕಿದ ಬಂಧುಗಳನ್ನು ಹಳಿಯುವುದಕ್ಕೆ ನಮಗೆ ಅಧಿಕಾರವಿಲ್ಲ. ಎರಡು ರಾಜ್ಯಗಳು ಒಂದಾಗಿ ಬಾಗಿಲಲ್ಲಿ ನಿಂತಾಗ ಬಡ ಗೃಹಸ್ಥನು ಬೇರೆ ಏನು ಮಾಡಬಲ್ಲನು?

ಇದೇ ಎರಡು ಮಾರ್ಗಗಳು ಬೇರೊಂದು ಕ್ರಮದಲ್ಲಿ ಕೂಡಿದ ವ್ಯವಹಾರವೊಂದು ನಮ್ಮ ದೇಶದಲ್ಲಿಯೇ ನಡೆದಿದೆ. ೨೦೧೨ರ ಫೆಬ್ರವರಿ ೧೫ರಂದು ಕೇರಳದ ತೀರದಿಂದ ಸುಮಾರು ೨೦ ಕಡಲಮೈಲಿಗಳ ದೂರದಲ್ಲಿ ಎನ್ರಿಕಾ ಲೆಕ್ಸಿ ಎಂಬ ಇಟಲಿಯ ತೈಲದ ಹಡಗಿನಿಂದ ಹಾರಿದ ಗುಂಡುಗಳು ಸೇಂಟ್ ಆಂಟನಿ ಎಂಬ ದೋಣಿಯಲ್ಲಿದ್ದ ಇಬ್ಬರು ಬೆಸ್ತರನ್ನು ಕೊಂದವು. ಹಡಗಿನ ಕಾವಲಿಗಿದ್ದ ಇಟಲಿಯ ನೌಕಾಸೈನ್ಯದ ಇಬ್ಬರು ಭಟರು ಬಂಧಿತರಾದರು. ಅವರು ರಾಯಭಾರಿಗಳಲ್ಲ, ಆದರೆ ರಾಜ್ಯದ ಅಪ್ಪಣೆಯಿಂದ ರಾಜ್ಯದ ಕೆಲಸವನ್ನು ಮಾಡುತ್ತಿದ್ದವರಾದುದರಿಂದ ಪರರಾಜ್ಯದ ನ್ಯಾಯಾಲಯಕ್ಕೆ ಅಧೀನರಲ್ಲವೆಂದು ಇಟಲಿಯು ವಾದಿಸಿತು. ಇಲ್ಲಿಯೂ ಮೊದಲು ಹಣವೇ ಬಂದಿತು. ಅದೇ ವರ್ಷದ ಏಪ್ರಿಲಿನಲ್ಲಿ ಇಟಲಿಯು ಹತರ ಕುಟುಂಬಗಳಿಗೆ ತಲಾ ಒಂದು ಕೋಟಿ ರೂಪಾಯಿಗಳನ್ನು ಕೊಟ್ಟಿತು; ಈ ರಾಜಿಯನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವು ಮೆಚ್ಚಲಿಲ್ಲ. ಭಾರತದ ದಂಡಶಾಸ್ತ್ರದಲ್ಲಿ ನರಹತ್ಯೆಯು ರಾಜ್ಯದ ವಿರುದ್ಧವಾದ ಅಪರಾಧ. ಬಂಧುಗಳು ಅದನ್ನು ಮಾರಲಾರರು.

ನಡುವೆ ಒಂದು ವಿಚಿತ್ರವು ನಡೆಯಿತು. ಮತವನ್ನು ಕೊಡುವುದಕ್ಕೆಂದು ಆ ಭಟರನ್ನು ೨೦೧೩ರ ಫೆಬ್ರವರಿಯಲ್ಲಿ ಇಟಲಿಗೆ ಕಳುಹಿಸುವಾಗ, ಅವರು ಮರಳಿ ಬರುವರೆಂದು ಇಟಲಿಯ ರಾಯಭಾರಿಯು ನ್ಯಾಯಾಲಯಕ್ಕೆ ಭಾಷೆಯನ್ನು ಕೊಟ್ಟಿದ್ದರು. ಅವರನ್ನು ಕಳುಹಿಸುವುದಿಲ್ಲವೆಂದು ಇಟಲಿಯು ಮಾರ್ಚ್ ೧೧ರಂದು ಸಾರಿದ ಕೂಡಲೇ, ರಾಯಭಾರಿಯು ದೇಶವನ್ನು ಬಿಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಅಪ್ಪಣೆಮಾಡಿತು. ಸಮಾಧಿಮೋಕ್ಷಕ್ಕಾಗಿ ಬಂದ ದೂತನೇ ಸಮಾಧಿಯಾದನು! ರಾಯಭಾರಿಯು ತಾನಾಗಿ ನ್ಯಾಯಾಲಯಕ್ಕೆ ಬಂದು ಮಾತುಕೊಟ್ಟ ಮೇಲೆ ರಕ್ಷಣೆಯು ಉಳಿಯುವುದಿಲ್ಲವೆಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು. ಮಾತಿಗೆ ತಪ್ಪಿದುದು ಇಟಲಿಯ ದೋಷವೆಂಬುದರಲ್ಲಿ ಸಂದೇಹವಿಲ್ಲ; ಆದರೂ ಒಡಂಬಡಿಕೆಯ ೩೨ನೆಯ ವಿಧಿಯು ರಕ್ಷಣೆಯ ತ್ಯಾಗವು ಸ್ಪಷ್ಟವಾಗಿರಬೇಕೆಂದು ಹೇಳುವುದರಿಂದ ಈ ಅಪ್ಪಣೆಯನ್ನು ಸಮರ್ಥಿಸುವುದು ಸುಲಭವಲ್ಲ. ಭಟರು ಮಾರ್ಚ್ ೨೨ರಂದು ಹಿಂದಿರುಗಿದ್ದರಿಂದ ಆ ಚರ್ಚೆಯು ಅಲ್ಲಿಗೇ ನಿಂತಿತು.

ಮುಖ್ಯ ಪ್ರಶ್ನೆಗೆ ಉತ್ತರವು ಬಂದುದು ೨೦೨೦ರ ಜುಲೈಯಲ್ಲಿ ಪ್ರಕಟವಾದ ಹೇಗಿನ ಮಧ್ಯಸ್ಥ ಮಂಡಲಿಯ ತೀರ್ಪಿನಿಂದ. ಐವರಲ್ಲಿ ಮೂವರ ಬಹುಮತದಿಂದ ಆ ಮಂಡಲಿಯು ಭಟರಿಗೆ ರಾಜ್ಯಾಧಿಕಾರಿಗಳಾಗಿ ರಕ್ಷಣೆಯುಂಟೆಂದು ನಿರ್ಣಯಿಸಿತು. ಅದರೊಡನೆಯೇ, ಭಾರತದ ನೌಕಾಯಾನ ಸ್ವಾತಂತ್ರ್ಯವನ್ನು ಇಟಲಿಯು ಭಂಗಪಡಿಸಿತೆಂದೂ, ಪ್ರಾಣಹಾನಿಗೂ ದೇಹಹಾನಿಗೂ ದೋಣಿಯ ನಷ್ಟಕ್ಕೂ ದೋಣಿಯಲ್ಲಿದ್ದವರ ಮನೋವ್ಯಥೆಗೂ ಅದು ಪರಿಹಾರವನ್ನು ಕೊಡಬೇಕೆಂದೂ ವಿಧಿಸಿತು. ವಿಭೀಷಣನ ಯುಕ್ತಿಯು ಇಲ್ಲಿ ಪೂರ್ಣವಾಗಿ ಕಾಣುತ್ತದೆ: ಬಂದವನನ್ನು ಬಿಡು, ಕಳುಹಿಸಿದವನನ್ನು ಹಿಡಿ. ಆ ಬಳಿಕ ಇಟಲಿಯು ಹಿಂದೆ ಕೊಟ್ಟದ್ದಲ್ಲದೆ ೧೦ ಕೋಟಿ ರೂಪಾಯಿಗಳನ್ನು ಒಪ್ಪಿಸಿತು. ೨೦೨೧ರ ಜೂನ್ ೧೫ರಂದು ಸರ್ವೋಚ್ಚ ನ್ಯಾಯಾಲಯವು ಭಾರತದಲ್ಲಿನ ವ್ಯವಹಾರವನ್ನು ಮುಗಿಸಿತು. ಭಟರ ವಿಚಾರಣೆಯನ್ನು ಇಟಲಿಯೇ ಮುಂದುವರಿಸಬೇಕಾಗಿತ್ತು; ೨೦೨೨ರ ಜನವರಿಯಲ್ಲಿ ರೋಮಿನ ನ್ಯಾಯಾಧೀಶರು ಸಾಕ್ಷ್ಯವು ಸಾಲದೆಂದು ಅದನ್ನು ಕೈಬಿಟ್ಟರು. ಅವಧ್ಯತ್ವದ ಈ ದೌರ್ಬಲ್ಯವನ್ನು ಯಾವ ತೀರ್ಪೂ ಸರಿಪಡಿಸಲಾರದು.

ಆ ೧೦ ಕೋಟಿಯಲ್ಲಿ ಹತರ ವಾರಸುದಾರರಿಗೆ ತಲಾ ೪ ಕೋಟಿ, ದೋಣಿಯ ಯಜಮಾನನಿಗೆ ೨ ಕೋಟಿ ಎಂದು ಗೊತ್ತಾಗಿತ್ತು. ಗುಂಡುಗಳ ನಡುವೆ ದೋಣಿಯಲ್ಲಿಯೇ ಇದ್ದು ಬದುಕಿ ಬಂದ ಬೆಸ್ತರ ಹೆಸರು ಆ ಹಂಚಿಕೆಯಲ್ಲಿರಲಿಲ್ಲ. ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ತಮ್ಮ ಪಾಲನ್ನು ಕೇಳಿದರು. ೨೦೨೨ರ ನವೆಂಬರಿನಲ್ಲಿ ನ್ಯಾಯಾಲಯವು ಯಜಮಾನನ ೨ ಕೋಟಿಯಿಂದ ಒಂಬತ್ತು ಮಂದಿಗೆ ತಲಾ ೫ ಲಕ್ಷ ರೂಪಾಯಿಗಳನ್ನು ತೆಗೆದು ಕೊಡಿಸಿತು. ಅವರಲ್ಲೊಬ್ಬನು ಘಟನೆಯ ಕಾಲಕ್ಕೆ ಇನ್ನೂ ಪ್ರಾಯಕ್ಕೆ ಬಾರದ ಹುಡುಗನು, ಅಷ್ಟರಲ್ಲಿ ತೀರಿಕೊಂಡಿದ್ದನು. ಅವನ ಪಾಲು ತಾಯಿಗೆ ಸಂದಿತು.